ಒಂದೇ ಲಾಟಿನ ಐದು ನಮೂದು: ಒಟ್ಟಿಗೆ ಕಟ್ಟುವುದು ಹೇಗೆ?

ಕೇಳಿದವರು, ಶಿರಸಿ
ನಮ್ಮೂರ ಅಡಿಕೆ ಸೊಸೈಟಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಸದಸ್ಯರೊಬ್ಬರ ಒಂದು ಲಾಟು, ಅಂದರೆ ಒಟ್ಟಿಗೆ ಮಾರಿದ ಎರಡು ಕ್ವಿಂಟಲ್ ಚಾಲಿ (ಒಣಗಿಸಿದ ಅಡಿಕೆ), 80,000 ರೂಪಾಯಿಗೆ ಹೋಯಿತು ಅನ್ನಿ. ಅದರಲ್ಲಿ ಹಮಾಲಿ 200, ಬೆಳೆಸಾಲಕ್ಕೆ 30,000, ಕಿರಾಣಿ ಬಾಕಿ 4,800 ಮುರಿದುಕೊಂಡು ಉಳಿದ 45,000 ಉಳಿತಾಯ ಖಾತೆಗೆ ಜಮಾ. ಒಂದೊಂದೂ ಡೇಟಾಬೇಸಿನ ಒಂದೊಂದು ಟೇಬಲ್ಲಿನಲ್ಲಿ (ಸಾಲು, ಕಾಲಂಗಳ ಪಟ್ಟಿ) ಚದುರಿದೆ. ‘ನನ್ನ ಅಡಿಕೆ ದುಡ್ಡು ಎಲ್ಲಿ ಹೋತು’ ಎಂದು ಕೇಳಿದರೆ ಒಂದೇ ಕಡೆ ತೋರಿಸಲು ಆಗುತ್ತಿಲ್ಲ. ಮಾಡಿ ಅನುಭವ ಇದ್ದವರು ಹೇಳಿ.

ಯಲ್ಲಾಪುರದಿಂದ
ನಾನು ಮೊದಲು ಒಂದೇ ಸಾಲಿನಲ್ಲಿ ‘ಕಡಿತ 1’, ‘ಕಡಿತ 2’ ಎಂದು ಕಾಲಂ ಹಾಕಿದ್ದೆ. ಮರುವರ್ಷ ಹೊಸ ಕಡಿತ ಬಂತು, ಕಾಲಂ ಹೆಚ್ಚಿತು, ಹಳೆ ವರದಿಗಳೆಲ್ಲ ಕೆಟ್ಟವು. ಆ ದಾರಿ ಬೇಡ.

ಕಿರ್ದಿ (ದಿನವಹಿ ಲೆಕ್ಕ), ಖತಾವಣಿ (ಖಾತೆವಾರು ಲೆಕ್ಕ) ಬರೆದ ಹಿರಿಯರನ್ನು ಕೇಳಿ, ಉತ್ತರ ಅಲ್ಲೇ ಇದೆ. ‘ವ್ಯವಹಾರ’ ಎಂಬ ಟೇಬಲ್: ದಿನಾಂಕ, ವಿಧ, ಲಾಟ್ ನಂಬರ್. ಮೊತ್ತ ಅದರಲ್ಲಿ ಇಡಬೇಡಿ. ‘ನಮೂದು’ ಎಂಬ ಇನ್ನೊಂದು: ವ್ಯವಹಾರದ ಐಡಿ, ಖಾತೆಯ ಐಡಿ, ಮೊತ್ತ. ನಿಮ್ಮ ಲೆಕ್ಕದಲ್ಲಿ ಖರೀದಿದಾರರ ಖಾತೆಗೆ +80,000, ಉಳಿದ ನಾಲ್ಕು ಖಾತೆಗೆ −200, −30,000, −4,800, −45,000. ಕೂಡಿದರೆ ಸೊನ್ನೆ. ಸೊನ್ನೆ ಬರದ ವ್ಯವಹಾರ ಡೇಟಾಬೇಸಿನೊಳಗೆ ಹೋಗಲೇಬಾರದು. ಸಾಮಾನ್ಯ ಚೆಕ್ ನಿಯಮ ಒಂದು ಸಾಲನ್ನಷ್ಟೇ ನೋಡುತ್ತದೆ. ನಿಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದರೆ ಕಮಿಟ್ ಹೊತ್ತಿಗೆ (ಎಲ್ಲ ನಮೂದು ಸೇರಿ ಕಾಯಂ ಆಗುವಾಗ) ತಾನಾಗಿ ಓಡಿ ಪರೀಕ್ಷಿಸುವ ಡಿಫರ್ಡ್ ಕನ್‌ಸ್ಟ್ರೇಂಟ್ ಟ್ರಿಗರ್ ಬರೆಯಿರಿ. ಐದೂ ನಮೂದು ಡೇಟಾಬೇಸಿನ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಹೋದರೆ ಎಲ್ಲ, ಇಲ್ಲದಿದ್ದರೆ ಒಂದೂ ಇಲ್ಲ ಎನ್ನುವ ಕಟ್ಟು) ಹೋಗಲಿ. ನಡುವೆ ಕರೆಂಟ್ ಹೋದರೆ ಒಂದೂ ಉಳಿಯಬಾರದು; ಮಳೆಗಾಲದಲ್ಲಿ ನಮಗಿದು ದಿನದ ಮಾತು.

ಕುಮಟಾದಿಂದ
ಮೊತ್ತಕ್ಕೆ ಫ್ಲೋಟ್ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಸಂಖ್ಯೆಯ ವಿಧ) ಬೇಡವೇ ಬೇಡ. ಅದರಲ್ಲಿ 0.1 ಮತ್ತು 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ, ನಿಮ್ಮ ಸೊನ್ನೆಯೂ ಬರುವುದಿಲ್ಲ. ದಶಮಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ವಿಧ ಇಡಿ, ಇಲ್ಲವೇ ಪೈಸೆಯಲ್ಲಿ ಪೂರ್ಣಾಂಕ.

ಕಾರವಾರದಿಂದ
ಮೇಲಿನದು ಸರಿ. ಆದರೆ ಎಲ್ಲ ಸಂಬಂಧವೂ ಒಂದೇ ವ್ಯವಹಾರದೊಳಗೆ ಕೂರುವುದಿಲ್ಲ. ನಾನು ಬೈತಖೋಲ ಬಂದರಿನ ಬೋಟ್ ಮಾಲೀಕರ ಲೆಕ್ಕ ಬರೆದವನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಮೇ ತಿಂಗಳ ಡೀಸೆಲ್, ಐಸ್ ಬಿಲ್‌ಗಳಿಗೆ ಆಗಸ್ಟಿನ ಮೀನು ಮಾರಿ ದುಡ್ಡು ಕೊಡುತ್ತಾರೆ. ಒಂದೇ ಪಾವತಿ ಮೂರು ಬಿಲ್‌ಗೆ, ಅದೂ ಮೂರನೆಯದಕ್ಕೆ ಅರ್ಧ. ಇದಕ್ಕೆ ‘ಹೊಂದಾಣಿಕೆ’ ಎಂಬ ಮೂರನೇ ಟೇಬಲ್ ಬೇಕು: ಪಾವತಿಯ ಐಡಿ, ಬಿಲ್ಲಿನ ಐಡಿ, ಹೊಂದಿಸಿದ ಮೊತ್ತ. ನಿಮ್ಮ ಕಿರಾಣಿ ಬಾಕಿಗೂ ಇದೇ ಬೇಕಾಗುತ್ತದೆ.

ಸಿದ್ದಾಪುರದಿಂದ
ತಪ್ಪು ನಮೂದನ್ನು ಅಳಿಸಬೇಡಿ. ನಾನೊಮ್ಮೆ ಅಳಿಸಿದೆ, ಸದಸ್ಯರ ಪಾಸ್‌ಬುಕ್ಕಿನಲ್ಲಿ ಅದಾಗಲೇ ಮುದ್ರಣವಾಗಿತ್ತು. ಆ ಸದಸ್ಯರಿಗೆ ಉತ್ತರಿಸಲು ನನ್ನ ಬಳಿ ಏನೂ ಇರಲಿಲ್ಲ. ಈಗ ಚಿಹ್ನೆ ತಿರುಗಿಸಿದ ಹೊಸ ವ್ಯವಹಾರ ಹಾಕಿ, ‘ಮೂಲ ವ್ಯವಹಾರ’ ಕಾಲಂನಲ್ಲಿ ಹಳೆಯದರ ಐಡಿ ಇಡುತ್ತೇನೆ. ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ದಾಖಲೆ ಕಡ್ಡಾಯ. ಸೊಸೈಟಿ ಕಂಪನಿಯಲ್ಲ, ಆದರೂ ಸದಸ್ಯರ ದುಡ್ಡಿಗೆ ಅಷ್ಟು ಕಾವಲು ಬೇಕು.

ಕೇಳಿದವರು, ಶಿರಸಿ
ಎರಡು ಟೇಬಲ್ ಮಾಡಿ ಕಳೆದ ತಿಂಗಳ ಲೆಕ್ಕ ಹಾಕಿದೆ. ಎರಡು ಲಾಟಿನಲ್ಲಿ ಸೊನ್ನೆ ಬರಲಿಲ್ಲ. ಹುಡುಕಿದರೆ ಹಮಾಲಿ ಬರೆಯುವುದೇ ಬಿಟ್ಟುಹೋಗಿತ್ತು. ಹೊಂದಾಣಿಕೆ ಟೇಬಲ್ ನಾಳೆ ಶುರು.