ಸಹಾಯ ಬೇಕು: ಖೀಮಾ-ಬಟಾಟೆ ಸುಕ್ಕ ನೀರಾಗ್ತಾ ಉಂಟು

ಎಲ್ಲರಿಗೂ ನಮಸ್ಕಾರ. ನಾವು ಮಂಗಳೂರು ಕಂಕನಾಡಿಯವರು. ಹೋದ ತಿಂಗಳು ಅಪ್ಪನ ಹಲ್ಲು ತೆಗೆಸಿದ್ದೇವೆ, ಮಟನ್ ತುಂಡು ಅಗಿಯಲಿಕ್ಕೆ ಆಗುವುದಿಲ್ಲ. ಆದರೆ ಆದಿತ್ಯವಾರ ಕುರಿ ಸುಕ್ಕ ಇಲ್ಲದಿದ್ದರೆ ಅವರಿಗೆ ಊಟವೇ ಸೇರುವುದಿಲ್ಲ. ಅದಕ್ಕೆ ಕುರಿ ಖೀಮಾ ಮಾಡಿಸಿ ತಂದು, ಬಟಾಟೆ ಹಾಕಿ ಮಾಡ್ತಾ ಇದ್ದೇನೆ. ಎರಡು ಸಲವೂ ಸರಿ ಬರಲಿಲ್ಲ.

ಅರ್ಧ ಕೆಜಿ ಖೀಮಾ, 3 ಬಟಾಟೆ, 2 ನೀರುಳ್ಳಿ. ಮಸಾಲೆಗೆ 8 ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಚಿಟಿಕೆ ಮೆಂತೆ ಹುರಿದು ಹುಣಸೆಹುಳಿ ಜೊತೆ ಅರೆದದ್ದು. ಪರಿಮಳ ಒಳ್ಳೆಯದೇ ಬಂತು. ಆದರೆ ಖೀಮಾ ಬಾಣಲೆಗೆ ಬಿದ್ದ ಕೂಡಲೇ ನೀರು ಬಿಟ್ಟಿತು. ಹುರಿಯುವ ಬದಲು ಅದರಲ್ಲೇ ಬೆಂದು, ಬೂದು ಬಣ್ಣಕ್ಕೆ ತಿರುಗಿ ಗಂಟುಗಂಟಾಯಿತು. ಬಟಾಟೆ ಹೊರಗೆ ಕೆಂಪು, ಒಳಗೆ ಮಾತ್ರ ಗಟ್ಟಿ. ಅಪ್ಪ ಒಂದು ತುಂಡು ಬಾಯಿಗೆ ಹಾಕಿ, ಮೆಲ್ಲ ಬಟ್ಟಲ ಬದಿಗೆ ಇಟ್ಟದ್ದು ನೋಡಿ ನನಗೆ ತುಂಬ ಬೇಸರ ಆಯಿತು.

ಹುಳಿ ಬಿದ್ದ ಮೇಲೆ ಬಟಾಟೆ ಬೇಗ ಬೇಯುವುದಿಲ್ಲ ಅಂತ ದೊಡ್ಡಮ್ಮ ಹೇಳಿದರು. ನನ್ನ ತಪ್ಪು ಅದೇ ಇರಬೇಕು. ಹಾಗಾದರೆ ಬಟಾಟೆ ಮೊದಲೇ ಬೇಯಿಸಿಕೊಳ್ಳುವುದಾ, ಅಥವಾ ಖೀಮಾದ ನೀರಲ್ಲೇ ಬೇಯಿಸಿ ಮಸಾಲೆ ಆಮೇಲೆ ಹಾಕುವುದಾ? ಖೀಮಾ ತೊಳೆದರೆ ನೀರು ಪೂರ್ತಿ ತೆಗೆಯುವುದು ಹೇಗೆ? ತೆಂಗಿನತುರಿ ಹುರಿದು ಕೊನೆಗೆ ಹಾಕಿದರೆ ಪಸೆ ಎಳೆದುಕೊಳ್ಳುತ್ತದಾ?

ಮನೆಯಲ್ಲಿ ಖೀಮಾ ಮಾಡಿ ಕೈ ಪಳಗಿದ ಅಕ್ಕಂದಿರು, ಅಣ್ಣಂದಿರು ದಯವಿಟ್ಟು ಹೇಳಿ. ಶನಿವಾರ ರಾತ್ರಿ ನೀರ್ ದೋಸೆಗೆ ಅಕ್ಕಿ ನೆನೆಹಾಕ್ತೇನೆ, ಅದರೊಳಗೆ ಗೊತ್ತಾದರೆ ದೊಡ್ಡ ಉಪಕಾರ.