ಜಿಪ್ಸಿ ಬುಷ್ ವಿಷಯ, ಪೂರ್ತಿ ಕೇಳು ಮಗ

ಮಗ, ನಿನ್ನ ಮೆಸೇಜ್ ಈಗ ನೋಡ್ದೆ. ಬ್ರೇಕ್ ಒತ್ತಿದ್ರೆ ಜಿಪ್ಸಿ ಮುಂದೆ ಕಟ್ ಅಂತ ಸದ್ದು, ಗಾಳಿಬೀಡು ರಸ್ತೇಲಿ ಸ್ಟೀರಿಂಗ್ ನೆಟ್ಟಗೆ ನಿಲ್ಲಲ್ಲ, ಮೆಕ್ಯಾನಿಕ್ ಒಬ್ರು ಸ್ಪ್ರಿಂಗ್ ಸೆಟ್ಟೇ ಬದಲಾಯಿಸ್ಬೇಕು ಅಂದ್ರು, ಬರೀ ಬುಷ್ (ಸ್ಪ್ರಿಂಗ್ ಪಟ್ಟಿ ತುದಿಯ ತೂತಿನೊಳಗಿನ ರಬ್ಬರ್) ಮನೇಲೇ ಹಾಕ್ಬಹುದಾ ಅಂತ ಕೇಳಿದ್ದೀಯ. ಹಾಕ್ಬಹುದು. ಟೈಪ್ ಮಾಡ್ತಾ ಕೂತ್ರೆ ಸಂಜೆ ಆಗುತ್ತೆ, ಹೇಳೇ ಬಿಡ್ತೀನಿ.

ಮೊದಲು ಬುಷ್ಷೇ ಹೋಗಿದ್ಯಾ ನೋಡ್ಕೋ. ತಂಗೀನ ಒಳಗೆ ಕೂರಿಸಿ ಸ್ಟೀರಿಂಗ್ ಎಡ ಬಲ ಆಡಿಸೋಕೆ ಹೇಳು, ನೀನು ಪಕ್ಕದಲ್ಲಿ ಕೂತು ಶ್ಯಾಕಲ್, ಅಂದ್ರೆ ಪಟ್ಟಿ ತುದೀನ ಗಾಡಿ ಚೌಕಟ್ಟಿಗೆ ಹಿಡಿದಿರೋ ಕೊಂಡಿ, ನೋಡು. ಪಟ್ಟಿಯ ಕಣ್ಣಿನೊಳಗೆ, ಅಂದ್ರೆ ತುದಿಯ ದುಂಡು ತೂತಿನೊಳಗೆ, ಬೋಲ್ಟ್ ಅಲ್ಲಾಡ್ತಿದ್ರೆ ಬುಷ್ ಮುಗಿದಿದೆ. ಸಣ್ಣ ಹಾರೆ ಕೊಟ್ಟು ಮೀಟಿದ್ರೂ ಗೊತ್ತಾಗುತ್ತೆ. ಅಲ್ಲೇನೂ ಆಟ ಇಲ್ಲದೆ ಚಕ್ರದ ಹತ್ರ ಸದ್ದು ಬಂದ್ರೆ ಚಕ್ರ ತಿರುಗಿಸೋ ಭಾಗಗಳಾದ ಕಿಂಗ್‌ಪಿನ್ ಬೇರಿಂಗೋ ಟೈ ರಾಡ್ ಎಂಡೋ ಇರುತ್ತೆ, ಬುಷ್ ಹಾಕಿದ್ರೆ ಅದು ಹೋಗಲ್ಲ. ಪಟ್ಟೀನ ಆಕ್ಸೆಲ್‌ಗೆ ಬಿಗಿದಿರೋ ಯು ಬೋಲ್ಟ್ ಸಡಿಲ ಆಗಿದ್ಯಾ ಅಂತಾನೂ ಒಮ್ಮೆ ಮುಟ್ಟಿ ನೋಡು.

ಜಿಪ್ಸಿ ಒಳ್ಳೇದು ಏನಂದ್ರೆ, 1985ರಿಂದ ಕೊನೇ ಗಾಡಿವರೆಗೂ ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗೇ, ಅಂದ್ರೆ ಈ ಪಟ್ಟಿ ಸ್ಪ್ರಿಂಗು. ಬುಷ್ ಎರಡು ಅರ್ಧವಾಗಿ ಬರುತ್ತೆ, ಆ ಕಡೆಯಿಂದ ಒಂದು ಈ ಕಡೆಯಿಂದ ಒಂದು ಕೈಯಲ್ಲೇ ಒತ್ತಬಹುದು. ಚಿಕ್ಕಪ್ಪನ ಹೊಸ ಥಾರ್ ಹಾಗಲ್ಲ, 2020ರ ಮಾಡೆಲ್‌ಗೆ ಮುಂದೆ ವಿಶ್‌ಬೋನ್ ಅನ್ನೋ ಕವಲು ತೋಳು, ಹಿಂದೆ ಸುರುಳಿ ಆಕಾರದ ಕಾಯಿಲ್ ಸ್ಪ್ರಿಂಗು. ಆ ತರದ ಬುಷ್ ಕಬ್ಬಿಣದ ಕವಚದ ಜೊತೆ ಬರುತ್ತೆ, ಒತ್ತಿ ಕೂರಿಸೋ ಪ್ರೆಸ್ ಯಂತ್ರ ಬೇಕೇ ಬೇಕು.

ಕೆಲಸ ಎಲ್ಲಿ ಮಾಡ್ತೀಯ ಅನ್ನೋದು ನಂಗೆ ದೊಡ್ಡ ಚಿಂತೆ. ನಿಮ್ಮ ಅಂಗಳ ಇಳಿಜಾರು, ಮಳೆ ನಿಂತ್ರೂ ಮಣ್ಣು ಮೆತ್ತಗೆ. ಅಲ್ಲಿ ಜಾಕ್ ಹಾಕ್ಬೇಡ. ಕಾಫಿ ಕಣಕ್ಕೆ ತಗೊಂಡ್ ಹೋಗು, ಸಿಮೆಂಟು, ಸಮತಟ್ಟು. ಅರೇಬಿಕಾ ಕುಯ್ಲು ಶುರುವಾದ್ರೆ ಕಣ ಸಿಗಲ್ಲ, ಈಗ್ಲೇ ಮಾಡು. ಕೆಳಗೆ ದಪ್ಪ ಟಾರ್ಪಾಲ್ ಹಾಸು, ಕಣದ ಮೇಲೆ ಒಂದು ತೊಟ್ಟು ಆಯಿಲ್ ಬೀಳಬಾರದು, ಕಾಫಿ ವಾಸನೆ ಹೀರ್ಕೊಳುತ್ತೆ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಕೊಡು, ಹ್ಯಾಂಡ್ ಬ್ರೇಕ್ ಒಂದನ್ನೇ ನಂಬ್ಕೋಬೇಡ. ಛಾಸಿ, ಅಂದ್ರೆ ಗಾಡಿ ಚೌಕಟ್ಟು, ಜಾಕ್ ಸ್ಟ್ಯಾಂಡ್ ಮೇಲೆ ಕೂತ ಮೇಲೇ ಕೆಳಗೆ ಕೈ ಹಾಕು. ಸ್ಟ್ಯಾಂಡ್ ಬದಲು ಜಂಬಿಟ್ಟಿಗೆನೋ ಹಾಲೋ ಬ್ಲಾಕೋ ಇಡೋದು ಖಂಡಿತ ಬೇಡ, ಭಾರಕ್ಕೆ ಹೇಳದೇ ಕೇಳದೇ ಪುಡಿ ಆಗುತ್ತೆ. ನಾನು ಇದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ.

ಹಿಂದಿನ ದಿನಾನೇ ನಟ್‌ಗಳಿಗೆ ರಸ್ಟ್ ಬಿಡಿಸೋ ಸ್ಪ್ರೇ ಹೊಡೆದು ಬಿಡು. ನಮ್ಮ ಮಳೇಲಿ ಬೋಲ್ಟ್ ಹಿಡ್ಕೊಂಡೇ ಇರುತ್ತೆ. ಗ್ಯಾಸ್ ಬೆಂಕಿ ತರ್ಬೇಡ, ಪಕ್ಕದಲ್ಲೇ ಬ್ರೇಕ್ ಹೋಸ್ ಇದೆ.

ಒಂದು ಸಲಕ್ಕೆ ಒಂದೇ ಪಟ್ಟಿ, ಅದರಲ್ಲೂ ಒಂದೇ ತುದಿ. ಎರಡೂ ತುದಿ ಒಟ್ಟಿಗೆ ಬಿಚ್ಚಿದ್ರೆ ಆಕ್ಸೆಲ್ ಜರುಗಿ ಆಮೇಲೆ ತೂತು ಕೂಡಿಸೋಕೆ ಒದ್ದಾಡ್ಬೇಕು. ಆಕ್ಸೆಲ್ ಕೆಳಗೆ ಇನ್ನೊಂದು ಜಾಕ್ ಇಟ್ಕೋ. ಪಟ್ಟಿ ನೇತಾಡ್ತಿದ್ರೂ ಬೋಲ್ಟ್ ಬರಲ್ಲ, ಭಾರ ಹೊತ್ತಿದ್ರೂ ಬರಲ್ಲ. ನಟ್ ತೆಗೆದು, ಬೋಲ್ಟನ್ನ ಬೆರಳಲ್ಲಿ ಹಿಡಿದು ತಿರುಗಿಸ್ತಾ ಜಾಕ್ ಕೂದಲೆಳೆಯಷ್ಟು ಏರಿಸು, ಇಳಿಸು. ಒಂದು ಕಡೆ ಬೋಲ್ಟ್ ತಾನಾಗೇ ಸಡಿಲ ತಿರುಗುತ್ತೆ. ಅಲ್ಲಿ ನಿಲ್ಲಿಸಿ ಎಳಿ, ಸುತ್ತಿಗೆ ಕೆಲಸಾನೇ ಇರಲ್ಲ.

ಹಳೇ ಬುಷ್ ಕೈಗೆ ಬಂದ ಮೇಲೆ ನೋಡು, ತೂತು ದುಂಡಗೆ ಇರಲ್ಲ, ಒಂದು ಕಡೆ ಸವೆದು ಮೊಟ್ಟೆ ಆಕಾರ ಆಗಿರುತ್ತೆ, ಸುತ್ತ ಕೆಂಪು ತುಕ್ಕು, ಕೆಸರು. ಬೋಲ್ಟ್ ಮೇಲೆ ಉಗುರು ಆಡಿಸು. ಉಗುರಿಗೆ ಮೆಟ್ಟಿಲು ಸಿಕ್ಕಿದ್ರೆ ಬೋಲ್ಟೂ ಹೊಸದು ಹಾಕು, ಇಲ್ಲಾಂದ್ರೆ ಹೊಸ ಬುಷ್ ಬೇಗ ಹೋಗುತ್ತೆ. ಕಣ್ಣಿನ ಒಳಗೆ ವೈರ್ ಬ್ರಷ್, ಆಮೇಲೆ ಎಮರಿ ಪೇಪರ್.

ಹೊಸ ಬುಷ್‌ಗೆ ಸೋಪಿನ ನೀರು ಮಾತ್ರ. ಗ್ರೀಸ್ ಬೇಡ, ಡೀಸೆಲ್ ಬೇಡ, ರಬ್ಬರ್ ಊದಿ ಮೆತ್ತಗಾಗುತ್ತೆ. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯಬಾರದು ಅಂತ ಗಾಡಿ ಅಡಿಗೆ ಸುಟ್ಟ ಆಯಿಲ್ ಬಳೀತಾರಲ್ಲ, ಅದರಿಂದ ಛಾಸಿ ಉಳಿಯಬಹುದು, ಬುಷ್ ಸಾಯುತ್ತೆ. ಮುಂದಿನ ವರ್ಷ ಬಳಿಸೋದಾದ್ರೆ ಶ್ಯಾಕಲ್ ಹತ್ರ ಬಟ್ಟೆ ಕಟ್ಟಿಸು. ಪಾಲಿಯುರೆಥೇನ್ ಬುಷ್ ಹಾಕ್ಲಾ ಅಂತಾನೂ ಕೇಳಿದ್ದೀಯ. ಜಾಸ್ತಿ ಬಾಳಿಕೆ ಬರುತ್ತೆ ನಿಜ, ಆದ್ರೆ ಗಟ್ಟಿ, ಅದಕ್ಕೆ ಸಿಲಿಕಾನ್ ಗ್ರೀಸ್ ಬೇಕು, ಕಲ್ಲಿನ ಪೆಟ್ಟು ನೇರ ಛಾಸಿಗೆ ಬರುತ್ತೆ. ತೋಟದ ದಾರೀಲಿ ನಿಧಾನ ಓಡೋ ಗಾಡಿಗೆ, ಅಮ್ಮನೂ ಕೂರೋ ಗಾಡಿಗೆ, ನನ್ನ ಮಾತು ಕೇಳಿದ್ರೆ ಕಂಪನಿ ರಬ್ಬರೇ ಸಾಕು.

ಈಗ ಮುಖ್ಯವಾದದ್ದು, ಇದೊಂದು ಎರಡು ಸಲ ಕೇಳು. ಗಾಡಿ ಮೇಲಿರುವಾಗ ನಟ್ ಕೈ ಬಿಗಿ ಮಾತ್ರ ಮಾಡು, ಫುಲ್ ಟೈಟ್ ಮಾಡ್ಬೇಡ. ಚಕ್ರ ಹಾಕಿ, ಗಾಡಿ ಕೆಳಗಿಳಿಸಿ, ಬಂಪರ್ ಹಿಡಿದು ನಾಲ್ಕು ಸಲ ಕುಲುಕಿಸಿ ಪಟ್ಟಿ ತನ್ನ ಜಾಗಕ್ಕೆ ಕೂತ ಮೇಲೆ ಬಿಗಿ. ಮೇಲಿದ್ದಾಗ್ಲೇ ಬಿಗಿದ್ರೆ ರಬ್ಬರ್ ನೇತಾಡೋ ಭಂಗೀಲೇ ಕಚ್ಕೊಳುತ್ತೆ, ಗಾಡಿ ಇಳಿಸಿದ ಕೂಡ್ಲೇ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ನಿಲ್ಲುತ್ತೆ, ನಿಂತ ಗಾಡೀಲೂ ಹಾಗೇ ಇರುತ್ತೆ. ಆಮೇಲೆ ಮಾಂದಲಪಟ್ಟಿ ತರದ ದಾರೀಲಿ ಒಂದೊಂದು ಗುಂಡಿಗೂ ಇನ್ನಷ್ಟು ತಿರುಚಿ ಹರಿಯುತ್ತೆ. ಹೊಸ ಬುಷ್ ಒಂದು ಮಳೆಗಾಲಾನೂ ಬರಲಿಲ್ಲ ಅಂತ ಜನ ಸಾಮಾನಿಗೆ ಬಯ್ತಾರೆ, ಎಷ್ಟೋ ಸಲ ಕಾರಣ ಇದೇ.

ಎಡಗಡೆ ಮಾಡಿದ್ರೆ ಬಲಗಡೆನೂ ಮಾಡು. ಸ್ವಲ್ಪ ದಿನ ತೋಟದಲ್ಲಿ ಓಡಿಸಿ ಎಲ್ಲಾ ನಟ್ ಇನ್ನೊಮ್ಮೆ ಬಿಗಿ ನೋಡು, ಯು ಬೋಲ್ಟೂ ಸೇರಿಸಿ. ಎಷ್ಟು ಬಿಗೀಬೇಕು ಅನ್ನೋ ಲೆಕ್ಕ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇದೆ, ಆ ಪುಟದ ಫೋಟೋ ಹಾಕ್ತೀನಿ. ಬಿಗಿ ಅಳೆಯೋ ಟಾರ್ಕ್ ರೆಂಚೂ ಎರಡು ಸ್ಟ್ಯಾಂಡೂ ನಮ್ಮ ಮನೇಲಿವೆ. ಭಾನುವಾರ ಕುಶಾಲನಗರದಿಂದ ಬರುವಾಗ ಇಳಿದು ತಗೊಂಡ್ ಹೋಗು, ಸ್ಟ್ಯಾಂಡ್ ಬರೋವರೆಗೆ ಗಾಡಿ ಎತ್ತಬೇಡ.