ಹಳೆಯ ಇ-ಎಲ್‌ಎಸ್‌ಎ ವಿಮಾನ: ಕಾರ್ಬುರೇಟರ್ ನಾನೇ ಬಿಚ್ಚಬಹುದೇ?

ಪ್ರಶ್ನೆ:
ನಾನಿರುವುದು ಅಮೆರಿಕದಲ್ಲಿ. ಇತ್ತೀಚೆಗೆ ಕೊಂಡ ಎರಡು ಸೀಟಿನ ವಿಮಾನ ಮೊದಲು ಎಸ್-ಎಲ್‌ಎಸ್‌ಎ (ಕಾರ್ಖಾನೆಯಿಂದ ಸಿದ್ಧವಾಗಿ ಬಂದ ಲೈಟ್ ಸ್ಪೋರ್ಟ್ ಅಂದರೆ ಹಗುರ ವಿಮಾನ) ಆಗಿತ್ತು, ಹಿಂದಿನ ಮಾಲೀಕರು ಅದನ್ನು ಇ-ಎಲ್‌ಎಸ್‌ಎಗೆ (ಅದರ ಎಕ್ಸ್‌ಪೆರಿಮೆಂಟಲ್, ಅಂದರೆ ಪ್ರಾಯೋಗಿಕ ವರ್ಗಕ್ಕೆ) ಬದಲಾಯಿಸಿದ್ದಾರೆ. ರೋಟಾಕ್ಸ್ 912 ಎಂಜಿನ್ ಕಡಿಮೆ ವೇಗದಲ್ಲಿ ನಡುಗುತ್ತದೆ, ಎಡ ಕಾರ್ಬುರೇಟರ್‌ನ ವೆಂಟ್ ಕೊಳವೆಯಿಂದ ಪೆಟ್ರೋಲ್ ಜಿನುಗುತ್ತದೆ. ಲೈಸೆನ್ಸ್ ಇರುವ ಮೆಕ್ಯಾನಿಕ್ ಮಾತ್ರ ಮುಟ್ಟಬೇಕೆಂದು ಪಕ್ಕದ ಹ್ಯಾಂಗರ್‌ನವರ ವಾದ. ನಿಜವೇ?

ಉತ್ತರ:
ಅಲ್ಲ. ಎಸ್-ಎಲ್‌ಎಸ್‌ಎ ಆಗಿದ್ದಾಗ ಆ ಮಾತು ಬಹುಮಟ್ಟಿಗೆ ಸರಿಯಿತ್ತು. ಈಗ ನಿಮ್ಮದು ಎಕ್ಸ್‌ಪೆರಿಮೆಂಟಲ್ ವಿಮಾನ, ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎಯ ನಿರ್ವಹಣಾ ನಿಯಮಾವಳಿ, ಭಾಗ 43, ಅದಕ್ಕೆ ಅನ್ವಯಿಸುವುದಿಲ್ಲ. ರಿಪೇರಿಯನ್ನು ನೀವೇ ಮಾಡಬಹುದು. ಆದರೆ ವಿಮಾನದ ಜೊತೆ ಬಂದ ಆಪರೇಟಿಂಗ್ ಲಿಮಿಟೇಷನ್ಸ್ (ಬಳಕೆಯ ಷರತ್ತುಗಳ) ಪತ್ರವನ್ನು ಮೊದಲು ಪೂರ್ತಿ ಓದಿ. ನಿಮ್ಮನ್ನು ಕಟ್ಟಿಹಾಕುವುದು ಅದೇ.

ಜಿನುಗುವಿಕೆಗೆ ನನ್ನ ಮೊದಲ ಅನುಮಾನ ಕಾರ್ಬುರೇಟರ್‌ನ ಬಟ್ಟಲಿನಲ್ಲಿ ತೇಲುತ್ತ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್‌ಗಳ ಮೇಲೆ. ಅವು ಪೆಟ್ರೋಲ್ ಹೀರಿ ಭಾರವಾದರೆ ತೇಲದೆ ಮುಳುಗುತ್ತವೆ, ಬಟ್ಟಲು ತುಂಬಿ ಹರಿಯುತ್ತದೆ. ಬಟ್ಟಲು ಬಿಚ್ಚಿ, ಎರಡು ಫ್ಲೋಟ್‌ಗಳನ್ನೂ ಒಟ್ಟಿಗೆ ತೂಗಿ. ಜೋಡಿ 7 ಗ್ರಾಂ ಮೀರಿದ್ದರೆ ಬದಲಾಯಿಸಲೇಬೇಕು. ಆಮೇಲೆ ಒತ್ತಡ ಅಳೆಯುವ ಗೇಜ್ ಹಾಕಿ ಎರಡೂ ಕಾರ್ಬುರೇಟರ್‌ಗಳು ಒಂದೇ ಸಮ ಕೆಲಸ ಮಾಡುವಂತೆ ಸಮ ಮಾಡಿ. ಐಡಲ್ (ಥ್ರಾಟಲ್ ಪೂರ್ತಿ ಇಳಿಸಿದಾಗಿನ ಎಂಜಿನ್ ವೇಗ) 1400 ಆರ್‌ಪಿಎಂಗಿಂತ ಕೆಳಗಿಳಿಯದಿರಲಿ. ರಬ್ಬರ್ ಕೊಳವೆಗಳ ದಿನಾಂಕವನ್ನೂ ನೋಡಿ, ಅವುಗಳ ಆಯಸ್ಸು 5 ವರ್ಷ.

ಪ್ರಶ್ನೆ ಕೇಳಿದವರು:
ಎಡಗಡೆಯ ಜೋಡಿ 8 ಗ್ರಾಂ ದಾಟಿದೆ! ಹೊಸದು ಹಾಕಿ ಸಮ ಮಾಡಿದೆ, ಜಿನುಗುವುದೂ ನಡುಕವೂ ನಿಂತವು. ಮುಂದಿನ ತಿಂಗಳು ವಾರ್ಷಿಕ ತಪಾಸಣೆ ಇದೆ. ಅದಕ್ಕೂ ನಾನೇ ಸಹಿ ಹಾಕಬಹುದೇ?

ಉತ್ತರ:
ಈಗಿರುವಂತೆ ಇಲ್ಲ. ಕೆಲಸ ಮಾಡುವ ಹಕ್ಕು ಬೇರೆ, ತಪಾಸಣೆಗೆ ಸಹಿ ಹಾಕುವ ಹಕ್ಕು ಬೇರೆ. ಹೊಸ ಮಾಲೀಕರು ಎಡವುವುದು ಇಲ್ಲಿಯೇ. ಎಫ್‌ಎಎ ಒಪ್ಪಿದ 16 ಗಂಟೆಗಳ ತರಬೇತಿ ಮುಗಿಸಿ, ಇನ್‌ಸ್ಪೆಕ್ಷನ್ ರೇಟಿಂಗ್ ಇರುವ ಲೈಟ್ ಸ್ಪೋರ್ಟ್ ರಿಪೇರ್‌ಮನ್ ಪ್ರಮಾಣಪತ್ರ ಪಡೆದರೆ ನಿಮ್ಮ ಸ್ವಂತ ವಿಮಾನಕ್ಕೆ ನೀವೇ ಸಹಿ ಹಾಕಬಹುದು. ವಿಮಾನವನ್ನು ನೀವೇ ಕಟ್ಟಿರಬೇಕೆಂಬ ಷರತ್ತಿಲ್ಲ. ಆದರೆ ಗೆಳೆಯರ ವಿಮಾನಕ್ಕೆ ಆ ಸಹಿ ನಡೆಯುವುದಿಲ್ಲ. ಆ ಪ್ರಮಾಣಪತ್ರ ಸಿಗುವವರೆಗೆ ಸಹಿಗೆ ಎ ಅಂಡ್ ಪಿ (ವಿಮಾನದ ಒಡಲು ಮತ್ತು ಎಂಜಿನ್ ಎರಡಕ್ಕೂ ಲೈಸೆನ್ಸ್ ಇರುವ) ಮೆಕ್ಯಾನಿಕ್ ಸಾಕು, ಐಎ (ಹೆಚ್ಚುವರಿ ತಪಾಸಣಾ) ಅಧಿಕಾರ ಇರುವವರೇ ಬೇಕಿಲ್ಲ.

ಗಡುವನ್ನು ಎಣಿಸುವುದು ಕ್ಯಾಲೆಂಡರ್ ತಿಂಗಳಲ್ಲಿ: ಕಳೆದ ಬಾರಿ ತಿಂಗಳ ಮೊದಲ ವಾರ ಆಗಿದ್ದರೂ ಈ ವರ್ಷ ಅದೇ ತಿಂಗಳ ಕೊನೆಯ ದಿನದವರೆಗೆ ಸಮಯವಿದೆ. ಮೀರಿದರೆ ದಯವಿಟ್ಟು ಹಾರಬೇಡಿ. ಫ್ಲೋಟ್ ಬದಲಾಯಿಸಿದ್ದನ್ನು ದಿನಾಂಕ ಮತ್ತು ಎಂಜಿನ್ ಗಂಟೆಗಳೊಂದಿಗೆ ಇವತ್ತೇ ಲಾಗ್‌ಬುಕ್‌ನಲ್ಲಿ ಬರೆಯಿರಿ. ಬಲಗಡೆಯ ಜೋಡಿಯನ್ನು ತೂಗಿದಿರಾ?